ಗೆರೆ ಎಳೆದವನೇ ಚಾಲಕ

ಹುಣಸಿಕಟ್ಟಿಹಾಳ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದೊಳಕ್ಕೆ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬಿಳಿ ಕಾರೊಂದು ನುಗ್ಗಿದಾಗ ಅದನ್ನು ನಡೆಸುತ್ತಿದ್ದವನು ಪಂಚಾಯತಿಯ ವಾಟರ್‌ಮನ್ ಯಂಕೋಬ. ಆ ಹೊತ್ತಿಗೆ ಯಂಕೋಬ ಕಾರಿನಿಂದ ಮುನ್ನೂರು ಮೀಟರ್ ದೂರದಲ್ಲಿ, ಮೇಲ್ತೊಟ್ಟಿಯ ಏಣಿಯ ಮೇಲೆ ನಿಂತು ವಾಲ್ವ್ ತಿರುಗಿಸುತ್ತಿದ್ದ. ಈ ಎರಡೂ ಸಂಗತಿಗಳು ದಾಖಲೆಯಲ್ಲಿವೆ, ಒಂದೇ ಕಡತದಲ್ಲಿ, ಒಂದೇ ಸಹಿಯ ಮೇಲೆ. ಇಲ್ಲಿಯವರೆಗೆ ಯಾರೂ ಆಕ್ಷೇಪಿಸಿಲ್ಲ.

ಯಂಕೋಬನಿಗೆ ಕಾರು ನಡೆಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಅವನಿಗೆ ಬರುತ್ತಿದ್ದುದು ಎರಡು ಕೆಲಸ: ಊರಿಗೆ ನೀರು ಬಿಡುವುದು, ದೊಡ್ಡವರು ಬಂದಾಗ ರಸ್ತೆಯ ಎರಡೂ ಬದಿಗೆ ಸುಣ್ಣದ ಪುಡಿಯ ಗೆರೆ ಎಳೆಯುವುದು. ಮೊದಲನೆಯದಕ್ಕೆ ಹತ್ತೊಂಬತ್ತು ವರ್ಷಗಳಿಂದ ತಾತ್ಪೂರ್ತಿಕ ಸಂಬಳ ಬರುತ್ತಿತ್ತು. ಎರಡನೆಯದು ಸೇವೆ. ಆ ವರ್ಷ ಅವನನ್ನು ಕಾಯಂ ಮಾಡುವ ಕಡತ ಕಡೆಗೂ ಮೇಲಕ್ಕೆ ಹೋಗಿತ್ತು. ಒಂದೇ ಒಂದು ಕಾಗದ ಬಾಕಿ: ಸದರಿ ನೌಕರನ ಮೇಲೆ ಯಾವುದೇ ವಿಚಾರಣೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರ. ತಿಂಗಳ ಕೊನೆಯೊಳಗೆ ಅದು ತಲುಪದಿದ್ದರೆ ಪಟ್ಟಿ ಮುಚ್ಚುತ್ತಿತ್ತು. ಮುಂದಿನ ಪಟ್ಟಿ ತೆರೆಯುವ ಹೊತ್ತಿಗೆ ಯಂಕೋಬನ ವಯಸ್ಸು ಮೀರುತ್ತಿತ್ತು. ಇದು ಅವನಿಗೆ ಗೊತ್ತಿತ್ತು; ಅವನ ಹೆಂಡತಿ ಮುದಕಮ್ಮನಿಗೆ ದಿನಾಂಕ ಸಮೇತ ಗೊತ್ತಿತ್ತು.

ನೀರಿನ ಘಟಕ ಉದ್ಘಾಟಿಸಲು ಮಂತ್ರಿಗಳು ಬರುವವರಿದ್ದರು. ಪಿಡಿಒ ಗೋವಿಂದರಾಜ ಲಿಖಿತ ಆದೇಶ ಹೊರಡಿಸಿದರು: ಮುಖ್ಯರಸ್ತೆಯಿಂದ ಘಟಕದ ಬಾಗಿಲವರೆಗೆ ಎರಡು ಸ್ವಾಗತ ಗೆರೆಗಳನ್ನು ಎಳೆಯತಕ್ಕದ್ದು. ಯಂಕೋಬ ಬಾವಿಹಗ್ಗ ಹಿಡಿದು, ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಪುಡಿ ತುಂಬಿ, ಮುಂಜಾನೆಯಿಂದ ಬಗ್ಗಿ ನಡೆದ. ಮುಖ್ಯರಸ್ತೆ ಬಿಟ್ಟು ಊರ ಕಡೆ ತಿರುಗುವಲ್ಲಿ ಗೆರೆ ಎಲ್ಲೂ ಮುರಿಯದೆ ಬಳಸಿಕೊಂಡು ಬಂತು. ಮಂತ್ರಿಗಳು ಗಂಗಾವತಿಯಲ್ಲಿ ಮದುವೆ ಊಟ ಮುಗಿಸಿ ಅತ್ತಲಿಂದತ್ತಲೇ ಹೋದರು. ಗೆರೆ ಎಳೆಯಲು ಆದೇಶವಿತ್ತು. ಅಳಿಸಲು ಇರಲಿಲ್ಲ. ಆದ್ದರಿಂದ ಅದು ಹಾಗೇ ಉಳಿಯಿತು.

ಮೂರನೆಯ ದಿನ ಭಾಗ್ಯನಗರದ ಬೀಜ ಗೊಬ್ಬರದ ವ್ಯಾಪಾರಿ ದೇವೇಂದ್ರಪ್ಪನವರು ಹೆಂಡತಿ ಶೇಖರಮ್ಮನೊಂದಿಗೆ ಹೊಸ ಕಾರಿನಲ್ಲಿ ಯಲಬುರ್ಗಾಕ್ಕೆ ಹೊರಟಿದ್ದರು. ಗೆರೆ ನೋಡಿ ತಾನೇ ತಿರುಗುವ, ಅಡ್ಡ ಬಂದದ್ದನ್ನು ಕಂಡು ತಾನೇ ನಿಲ್ಲುವ, ಚಾಲನಾ ನೆರವು ಎಂಬ ವ್ಯವಸ್ಥೆ ಇದ್ದ ಕಾರು ಅದು. ಬೇವೂರು ದಾಟಿದಾಗಿನಿಂದ ಅದು ರಸ್ತೆಯ ಮೇಲೆ ಬಿಳಿ ಗೆರೆ ಹುಡುಕುತ್ತಿತ್ತು. ಆ ರಸ್ತೆಗೆ ಗೆರೆ ಹಾಕಿದ ದಾಖಲೆ ಇತ್ತು, ಗೆರೆ ಇರಲಿಲ್ಲ. ಹುಣಸಿಕಟ್ಟಿಹಾಳದ ಹತ್ತಿರ ಎರಡು ಗೆರೆ ಒಟ್ಟಿಗೇ ಕಂಡವು. ಫಲಕದ ಮೇಲೆ ಹಸಿರು ದೀಪ ಹತ್ತಿತು. ಹಸಿರು ದೀಪ ಹತ್ತಿದರೆ ನಿಶ್ಚಿಂತೆಯಿಂದ ಇರಬಹುದೆಂದು ಷೋರೂಮಿನವರು ಹೇಳಿದ್ದರು. ದೇವೇಂದ್ರಪ್ಪನವರು ನಿಶ್ಚಿಂತೆಯಿಂದ ಮೊಬೈಲ್ ತೆಗೆದರು. ಕಾರು ಯಂಕೋಬ ಬಳಸಿದಲ್ಲಿ ಬಳಸಿ, ಅವನು ನೆಟ್ಟಗೆ ನಡೆದಲ್ಲಿ ನೆಟ್ಟಗೆ ನಡೆದು, ಮಂತ್ರಿಗಳಿಗಾಗಿ ಕಟ್ಟಿದ್ದ ಕೆಂಪು ಟೇಪನ್ನು ಕತ್ತರಿಸಿ, ಘಟಕದ ಒಳಗೆ ನಾಲ್ಕು ಅಡಿ ಹೋಗಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಶೇಖರಮ್ಮನ ಮುಂದಿನ ಎರಡು ಹಲ್ಲು ಹೋದವು. ಘಟಕ ಉದ್ಘಾಟನೆಯಾಯಿತೆಂದು ಪಂಚಾಯತಿ ಆ ಸಂಜೆಯೇ ವರದಿ ಕಳಿಸಿತು.

ಹೆಡ್ ಕಾನ್ಸ್‌ಟೇಬಲ್ ಮುನವ್ವರ ಫಾರಂ ತೆಗೆದುಕೊಂಡು ಬಂದರು.

"ಯಾರು ನಡಸಾಕತ್ತಿದ್ರಿ?"

"ನಾ ಕುಂತಿದ್ದೆ," ಎಂದರು ದೇವೇಂದ್ರಪ್ಪ.

"ಎಲ್ಲಿ ಕುಂತಿದ್ರಿ?"

"ಸ್ಟೇರಿಂಗ್ ಮುಂದ. ಕಾರಿನಾಗ ಮಂದಿ ಎಲ್ಲೆರ ಕುಂತಿರ್ತಾರಲ್ರಿ."

"ಅಂದ್ರ ನೀವ ನಡಸಾಕತ್ತಿದ್ರಿ."

"ಅದು ಅದರ ಪಾಡಿಗಿ ಅದು ನಡೀತಿತ್ತು. ನನ್ನ ಪಾಡಿಗಿ ನಾ ಇದ್ದೆ. ಒಬ್ಬರ ಸುದ್ದಿಗಿ ಒಬ್ಬರು ಹೋಗಿದ್ದಿಲ್ಲ."

ಮುನವ್ವರ ಫಾರಂನ ಮೊದಲ ಕಾಲಂ ಮೇಲೆ ಪೆನ್ನು ಇಟ್ಟರು. "ಚಾಲಕನ ಹೆಸರು ಖಾಲಿ ಬಿಡಾಕ ಬರಂಗಿಲ್ರಿ. ಖಾಲಿ ಬಿಟ್ರ ಕಂಪ್ಯೂಟರ್ ಮುಂದಿನ ಪುಟಕ್ಕ ಹೋಗಂಗಿಲ್ಲ."

ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಗದ ಕಾರಣ ಚಾಲನಾ ನೆರವು ಅಪಘಾತ ಹೊಣೆ ನಿಗದಿ ಸಮಿತಿಯನ್ನು ರಚಿಸಲಾಯಿತು. ಅಧ್ಯಕ್ಷರಾಗಿ ನಿವೃತ್ತ ಅಧೀಕ್ಷಕಿ ದುರ್ಗಾದೇವಿಯವರು ಬಂದರು. ಮೂವತ್ತೆರಡು ವರ್ಷದ ಸೇವೆಯಲ್ಲಿ ಒಂದು ಕಾಲಂ ಖಾಲಿ ಬಿಡದವರೆಂದು ಅವರಿಗೆ ಹೆಸರಿತ್ತು.

ಪಂಚಾಯತಿ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಯಂಕೋಬ ಕುಡಿಯುವ ನೀರು ಇಡಲು ಒಳಗೆ ಹೋಗಿದ್ದವನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಕಾರು ಕಂಪನಿಯ ಕಡೆಯಿಂದ ಪ್ರಭುರಾಜ ಎಂಬ ಅಧಿಕಾರಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದ್ದು ನಿಂತರು.

"ಮೇಡಂ, ನಮ್ಮ ಚಾಲನಾ ನೆರವು ಅತ್ಯಂತ ಜವಾಬ್ದಾರಿಯುತವಾಗಿ ವರ್ತಿಸಿದೆ. ಗೆರೆ ಮುಗಿದ ಕೂಡಲೇ, ಗೋಡೆಗೆ ತಾಗುವ ಅರ್ಧ ಸೆಕೆಂಡ್ ಮೊದಲು ಅದು ಹಿಂದೆ ಸರಿದು, ವಾಹನದ ಹೊಣೆಯನ್ನು ಚಾಲಕರಿಗೆ ಹಸ್ತಾಂತರಿಸಿದೆ. ಅಪಘಾತದ ಹೊತ್ತಿಗೆ ನಮ್ಮ ತಂತ್ರಜ್ಞಾನ ಕಾರಿನಲ್ಲಿ ಇರಲೇ ಇಲ್ಲ."

"ಆ ಅರ್ಧ ಸೆಕೆಂಡ್‌ನ್ಯಾಗ ಅವರು ಏನು ಮಾಡಬೇಕಿತ್ರಿ?" ಎಂದು ದುರ್ಗಾದೇವಿಯವರು ಕೇಳಿದರು.

"ಕೈಪಿಡಿಯ ಇನ್ನೂರ ಹದಿನಾಲ್ಕನೇ ಪುಟ ಓದಬೇಕಿತ್ತು, ಮೇಡಂ."

"ಮತ್ತ ಜಾಹೀರಾತಿನಾಗ ಒಬ್ಬಾವ ಎರಡೂ ಕೈ ತಲಿ ಹಿಂದ ಇಟ್ಕೊಂಡು ಹೊಂಟಾನಲ್ಲ?"

"ಜಾಹೀರಾತು ಬೇರೆ ವಿಭಾಗ."

ಆಮೇಲೆ ಶೇಖರಮ್ಮನವರನ್ನು ಕರೆದರು. ಹಲ್ಲಿಲ್ಲದ್ದರಿಂದ ಹೇಳಿಕೆಯನ್ನು ಎರಡು ಸಲ ಕೇಳಬೇಕಾಯಿತು. ಎರಡು ಸಲವೂ ಅವರು ಹೇಳಿದ್ದು ಒಂದೇ.

"ನಮ್ಮ ಮನಿಯವರು ಮೊಬೈಲ್‌ನ್ಯಾಗ ಎಮ್ಮಿ ನೋಡಾಕತ್ತಿದ್ರು. ಯಾರೋ ಮುರ್ರಾ ಎಮ್ಮಿ ಮಾರಾಕ ಇಟ್ಟಾರಂತ. ಮುಂದ ಗ್ವಾಡಿ ಬಂತು ನೋಡ್ರಿ ಅಂದೆ. ಕೊಂಬು ನೋಡು ಎಷ್ಟು ಛಂದ ಅದಾವು ಅಂದ್ರು."

ಸಮಿತಿ ಇದನ್ನು ಗಂಭೀರವಾಗಿ ಪರಿಶೀಲಿಸಿತು. ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಇರಲಿಲ್ಲ. ಆದ್ದರಿಂದ ಅಲ್ಲಿ ಕುಳಿತವರು ಕಂಡದ್ದನ್ನು ಸಾಕ್ಷ್ಯವೆಂದು ಒಪ್ಪದೆ, ಕೌಟುಂಬಿಕ ಅಭಿಪ್ರಾಯವೆಂದು ದಾಖಲಿಸಿಕೊಳ್ಳಲಾಯಿತು.

"ಮೂವತ್ತು ವರ್ಷದಿಂದ ಅದ ಆಗೇತ್ರಿ," ಎಂದು ಶೇಖರಮ್ಮ ಸೆರಗು ಬಾಯಿಗೆ ಹಿಡಿದು ಹೋಗಿ ಕುಳಿತರು.

ಮಧ್ಯಾಹ್ನ ಸಮಿತಿ ಸ್ಥಳ ಪರಿಶೀಲನೆಗೆ ಹೋಯಿತು. ದುರ್ಗಾದೇವಿಯವರು ಮುಖ್ಯರಸ್ತೆಯಿಂದ ಘಟಕದವರೆಗೆ ಬಿಸಿಲಲ್ಲಿ ನಡೆದರು. ತಿರುವಿನಲ್ಲಿ ನಿಂತು ಟೇಪು ಹಿಡಿಸಿದರು. ಎರಡು ಗೆರೆಗಳ ನಡುವಿನ ಅಂತರ ಮೊದಲಿಂದ ಕೊನೆಯವರೆಗೆ ಒಂದೇ ಇತ್ತು.

"ಗೆರಿ ಭಾಳ ಛಲೋ ಐತಿ," ಎಂದರು ಅವರು. "ಯಾರು ಎಳದಿದ್ದು?"

ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗೋವಿಂದರಾಜ ಕಣ್ಣಿನಲ್ಲೇ ಬೇಡವೆಂದರು. ಯಂಕೋಬ ಆ ಕಡೆ ನೋಡಲಿಲ್ಲ. ನೀರಿನ ಕೊಡ ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ನಾನ್ರೀ."

ಪ್ರಭುರಾಜ ಮೊದಲ ಸಲ ನಕ್ಕರು. ಸಂಜೆಯೊಳಗೆ ಸಮಿತಿಯ ನಿಯಮ ಏಳು, ಉಪನಿಯಮ ಅ ಸಿದ್ಧವಾಯಿತು: ವಾಹನವು ಯಾರ ಇಚ್ಛೆಯಂತೆ ತಿರುಗುತ್ತದೆಯೋ ಅವರೇ ಅದರ ಚಾಲಕರು. ಚಾಲಕರು ವಾಹನದ ಒಳಗೆ ಇರುವುದು ಅಪೇಕ್ಷಣೀಯ, ಆದರೆ ಕಡ್ಡಾಯವಲ್ಲ. ಕಾರಿಗೆ ಇಚ್ಛೆ ಇರಲಿಲ್ಲ ಎಂದು ಕಂಪನಿ ಬರೆದುಕೊಟ್ಟಿತು. ತನಗೂ ಇರಲಿಲ್ಲ ಎಂದು ದೇವೇಂದ್ರಪ್ಪ ಬರೆದುಕೊಟ್ಟರು. ತಾನು ಹೇಳಿದ್ದು ಸ್ವಾಗತ ಗೆರೆಯೇ ಹೊರತು ಸಂಚಾರದ ಗೆರೆಯಲ್ಲ ಎಂದು ಪಿಡಿಒ ಬರೆದುಕೊಟ್ಟರು. ಬರೆದುಕೊಡಲು ಏನೂ ತಿಳಿಯದೆ ಉಳಿದವನು ಯಂಕೋಬ. ಮುನವ್ವರ ಅವನ ಹೆಸರು ತುಂಬಿದರು. ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಯಿತು.

ಮನೆಯಲ್ಲಿ ಮುದಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ನಾನ ಅಂತ ಯಾಕ ಅಂದಿ?"

"ಛಲೋ ಐತಿ ಅಂದ್ರು."

"ಹತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡು ಇದ್ದಿ. ಇನ್ನ ಹನ್ನೊಂದು ದಿನ ಇರಾಕ ಆಗ್ಲಿಲ್ಲೇನು?"

ಯಂಕೋಬ ಲೆಕ್ಕ ಹಾಕಿದ. ತಿಂಗಳ ಕೊನೆಗೆ ಹನ್ನೊಂದೇ ದಿನ ಇತ್ತು. ಅವನು ಊಟ ಮಾಡಲಿಲ್ಲ.

ಮರುದಿನ ಅವನ ಗುಡಿಸಲಿಗೆ ದೇವೇಂದ್ರಪ್ಪ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದರು. ಹಿಂದೆ ಗೋವಿಂದರಾಜ. ಅವರ ಹಿಂದೆ ಪ್ರಭುರಾಜ.

"ತಮ್ಮಾ," ಎಂದರು ದೇವೇಂದ್ರಪ್ಪ, "ಕಾರು ನೀ ಹೊಡದಿ ಅಂತ ಆತು. ಅದರ ಬಗ್ಗೆ ನನಗೇನೂ ಸಿಟ್ಟಿಲ್ಲ. ಆದ್ರ ಲೈಸೆನ್ಸ್ ಇಲ್ಲದ ಹೊಡದಿ ಅಂತ ಆಗಬಾರದು ನೋಡು. ವಿಮಾದವರು ಕೈ ಎತ್ತತಾರ."

"ಯಜಮಾನ್ರ, ನನಗ ಸೈಕಲ್ಲ ಹೊಡಿಯಾಕ ಬರಂಗಿಲ್ರಿ."

"ಯಾರು ಸೈಕಲ್ ಸುದ್ದಿ ತಗದ್ರು? ಕಾರಿಂದು ಮಾತಾಡು."

"ನನ್ನ ಕಾಯಂ ಫೈಲ್ ಏನಾಕ್ಕೈತ್ರಿ ಸಾಹೇಬ್ರ?" ಯಂಕೋಬ ಗೋವಿಂದರಾಜರನ್ನು ಕೇಳಿದ.

"ಲೈಸೆನ್ಸ್ ಬಂತು ಅಂದ್ರ ಅದು ಸಾದಾ ಅಪಘಾತ. ವಿಚಾರಣಿ ಮುಗೀತು. ಬರಲಿಲ್ಲ ಅಂದ್ರ ಅಪರಾಧ. ಆಮ್ಯಾಗ ನನ್ನ ಕೈಯಾಗ ಏನೂ ಇಲ್ಲ."

ಹೀಗೆ, ಅಲ್ಲಿಯವರೆಗೆ ಯಂಕೋಬನಿಗೆ ಒಂದು ಸೈಕಲ್ ಅಡ್ವಾನ್ಸ್ ಕೂಡ ಮಂಜೂರು ಮಾಡದಿದ್ದ ವ್ಯವಸ್ಥೆ, ಅವನನ್ನು ನುರಿತ ಚಾಲಕನನ್ನಾಗಿ ಮಾಡಲು ಟೊಂಕ ಕಟ್ಟಿತು. ವಾಹನದ ಹೊರಗಿನ ಚಾಲಕರಿಗಾಗಿ ಸಮಿತಿ ವಿಶೇಷ ಪರೀಕ್ಷೆ ಏರ್ಪಡಿಸಿತು. ಶಾಲೆಯ ಮೈದಾನದಲ್ಲಿ ಎಂಟು ಹಾಕಿ ತೋರಿಸಬೇಕು. ಯಂಕೋಬ ಡಬ್ಬಿ ಹಿಡಿದು ಬಗ್ಗಿ ನಡೆದು ದೊಡ್ಡದೊಂದು ಎಂಟನ್ನು ಜೋಡಿ ಗೆರೆಯಲ್ಲಿ ಎಳೆದ. ಕಂಪನಿ ಅದೇ ಮಾದರಿಯ ಇನ್ನೊಂದು ಕಾರು ತಂದು ಗೆರೆಯ ಮೇಲೆ ಬಿಟ್ಟಿತು. ಸ್ಟೇರಿಂಗ್ ಮುಂದೆ ಪ್ರಭುರಾಜ ಕೈ ಕಟ್ಟಿ ಕುಳಿತಿದ್ದರು. ಕಾರು ಎಂಟರ ಮೇಲೆ ಒಂಬತ್ತು ಸುತ್ತು ಹಾಕಿತು. ನಿಲ್ಲಿಸುವ ಅಧಿಕಾರ ಚಾಲಕನಿಗೆ ಮಾತ್ರ ಇದ್ದುದರಿಂದ ಅವರು ಕೈ ಬಿಚ್ಚಲಿಲ್ಲ, ಬೆವರುತ್ತಿದ್ದರು. ಯಂಕೋಬನಿಗೆ ಕನಿಕರ ಬಂತು. ಎರಡು ಖಾಲಿ ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋಗಿ ದಾರಿಗೆ ಅಡ್ಡ ಇಟ್ಟ. ಕಾರು ನಿಂತಿತು.

"ಬ್ರೇಕ್ ಹಾಕಲು ಬರುತ್ತದೆ," ಎಂದು ದುರ್ಗಾದೇವಿಯವರು ಬರೆದುಕೊಂಡರು.

ಪರವಾನಗಿ ಅಪಘಾತದ ಹಿಂದಿನ ದಿನದಿಂದ ಜಾರಿಗೆ ಬಂತು. ವಿಮೆಯವರು ಒಪ್ಪಿದರು. ವಿಚಾರಣೆ ಮುಗಿಯಿತು. ಪ್ರಮಾಣಪತ್ರ ಹಿಡಿದು ಯಂಕೋಬ ತಿಂಗಳ ಕೊನೆಗೆ ಮೂರು ದಿನ ಇರುವಾಗ ತಾಲೂಕು ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತ ಕೊಟ್ರೇಶ ಕಡತವನ್ನು ಹಿಂದೆ ಮುಂದೆ ತಿರುವಿ ನೋಡಿದ.

"ನೀ ಡ್ರೈವರ್ ಅದಿ."

"ವಾಟರ್‌ಮನ್ ಅದೀನ್ರಿ."

"ಇಲ್ಲಿ ಸಮಿತಿ ಬರದೈತಿ, ನುರಿತ ಚಾಲಕ ಅಂತ. ನುರಿತ ಚಾಲಕನ್ನ ವಾಟರ್‌ಮನ್ ಹುದ್ದೇಕ ಕಾಯಂ ಮಾಡಿದ್ರ ಆಡಿಟ್‌ನವರು ನನ್ನ ಹಿಡೀತಾರ."

"ಹಂಗಾದ್ರ ಡ್ರೈವರ್ ಅಂತ ಮಾಡ್ರಿ."

"ನಿಮ್ಮ ಪಂಚಾಯತಿಗಿ ಗಾಡಿ ಎಲ್ಲೈತಿ?"

ಯಂಕೋಬ ಅಲ್ಲೇ ಮೆಟ್ಟಿಲ ಮೇಲೆ ಕುಳಿತ. ಹಿಂದೆ ಇಂಥ ಹೊತ್ತಿನಲ್ಲಿ ಅವನು ಎದ್ದು ಊರಿಗೆ ಹೋಗಿಬಿಡುತ್ತಿದ್ದ. ಆದರೆ ಆ ಎರಡು ವಾರದಲ್ಲಿ ಅವನು ದೊಡ್ಡವರು ಮಾತಾಡುವುದನ್ನು ಹತ್ತಿರದಿಂದ ಕೇಳಿದ್ದ. ಹತ್ತು ನಿಮಿಷ ಬಿಟ್ಟು ವಾಪಸು ಒಳಗೆ ಹೋದ.

"ಸಾಹೇಬ್ರ, ನಾ ಗಾಡಿ ಹೊರಗ ಇದ್ದು ನಡಸಾಂವ. ನಿಯಮ ಏಳು ಅ. ನನಗ ಗಾಡಿ ಯಾಕ ಬೇಕು?"

ಕೊಟ್ರೇಶ ನಿಯಮ ತೆಗೆದು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಇನ್ನೊಂದು ಕುರ್ಚಿ ತರಿಸಿ, "ಕೂಡ್ರಿ," ಎಂದ. ಯಂಕೋಬನಿಗೆ ಆ ಕಚೇರಿಯಲ್ಲಿ ಸಿಕ್ಕ ಮೊದಲ ಬಹುವಚನ ಅದು.

ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಆದೇಶ ಬಂತು. ಹೊಣೆಗಾರ ಚಾಲಕ ಎಂಬ ಹೊಸ ಹುದ್ದೆ, ಕಾಯಂ, ವ್ಯಾಪ್ತಿ ನಾಲ್ಕು ತಾಲೂಕು. ವಾಟರ್‌ಮನ್ ಹುದ್ದೆ ತೆರವಾದ್ದರಿಂದ ಆ ಕೆಲಸಕ್ಕೆ ಮುದಕಮ್ಮನನ್ನು ತಾತ್ಪೂರ್ತಿಕವಾಗಿ ತೆಗೆದುಕೊಳ್ಳಲಾಯಿತು. ಸುಣ್ಣದ ಗೆರೆ ಎಳೆಯುವುದು ಅವಳ ಪಾಲಿಗೆ ಸೇವೆಯಾಗಿ ಬಂತು.

ಎರಡು ತಿಂಗಳು ಯಂಕೋಬ ಪಂಚಾಯತಿಯ ವರಾಂಡದಲ್ಲಿ ಮೇಜಿನ ಹಿಂದೆ ಸುಮ್ಮನೆ ಕುಳಿತ. ಆಮೇಲೊಂದು ದಿನ ಮುನವ್ವರ ಫಾರಂ ಹಿಡಿದು ಬಂದರು.

"ಯಂಕೋಬಪ್ಪ, ಅಳವಂಡಿ ಹತ್ತರ ಒಂದು ಕಾರು ಟ್ರ್ಯಾಕ್ಟರ್‌ಗಿ ಹೊಡದೈತ್ರಿ. ಅದ ನಮೂನಿದು. ಒಳಗ ಕುಂತಾವ ನಾ ನಡಸಾಕತ್ತಿದ್ದಿಲ್ಲ ಅಂತಾನ. ಕಂಪನಿಯವರು ನಾವೂ ಅಲ್ಲ ಅಂತಾರ."

"ಅಲ್ಲಿ ಗೆರಿ ಯಾರು ಎಳದಿದ್ರು?"

"ಗೆರಿ ಇದ್ದಿದ್ದ ಇಲ್ರಿ. ಆದ್ರ ಒಳಗಿಲ್ಲದ ನಡಸಾಕ ಲೈಸೆನ್ಸ್ ಇರಾವ್ರು ಜಿಲ್ಲಾದಾಗ ನೀವೊಬ್ಬರ."

ಯಂಕೋಬ ವಾದಿಸಲಿಲ್ಲ. ಅದು ಅವನ ಹುದ್ದೆಯೇ ಆಗಿತ್ತು. ಕನ್ನಡಕ ಏರಿಸಿ ಫಾರಂ ಪೂರ್ತಿ ಓದಿ, ಸಹಿ ಹಾಕುವ ಮೊದಲು ದಿನಾಂಕದ ಮೇಲೆ ಬೆರಳಿಟ್ಟ.

"ಅವತ್ತು ಐತವಾರ ಇತ್ತಲ್ರಿ."

"ಹೌದ್ರಿ."

"ರಜಾದಾಗ ಅಳವಂಡಿ ತನಕ ಗಾಡಿ ಹೊಡದೀನಿ ಅಂದಂಗಾತು. ಒಂದು ಬದಲಿ ರಜಾ ಬರ್ಕೊಳ್ರಿ."

ಕೋರಿಕೆ ನ್ಯಾಯಯುತವಾಗಿತ್ತು. ಗೋವಿಂದರಾಜ ಶಿಫಾರಸು ಮಾಡಿದರು, ಕೊಟ್ರೇಶ ಮಂಡಿಸಿದ, ಬುಧವಾರಕ್ಕೆ ರಜೆ ಮಂಜೂರಾಯಿತು. ಮಂಗಳವಾರ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಆಟೋಗೆ ಮೈಕು ಕಟ್ಟಿ ಪ್ರಕಟಣೆ ಹೊರಡಿಸಲಾಯಿತು:

"ನಾಳೆ ಹೊಣೆಗಾರ ಚಾಲಕರು ರಜೆಯ ಮೇಲೆ ಇರುವುದರಿಂದ, ಚಾಲನಾ ನೆರವು ಹೊಂದಿದ ವಾಹನಗಳ ಮಾಲೀಕರು ತಮ್ಮ ಅಪಘಾತಗಳನ್ನು ಗುರುವಾರಕ್ಕೆ ಮುಂದೂಡತಕ್ಕದ್ದು. ತಪ್ಪಿದಲ್ಲಿ ಮಾಲೀಕರನ್ನೇ ಚಾಲಕರೆಂದು ಪರಿಗಣಿಸಲಾಗುವುದು."

ಸಾರ್ವಜನಿಕರು ಸಹಕರಿಸಿದರು. ಬುಧವಾರ ದೇವೇಂದ್ರಪ್ಪನವರು ತಮ್ಮ ಎರಡನೆಯ ಹೊಸ ಕಾರಿನಲ್ಲಿ ಭಾಗ್ಯನಗರದಿಂದ ಕುಷ್ಟಗಿಗೆ ಹೊರಟರು. ಮೊಬೈಲನ್ನು ಶೇಖರಮ್ಮನ ಕೈಗೆ ಕೊಟ್ಟರು. ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ರೆಪ್ಪೆ ಹೊಡೆಯದೆ ರಸ್ತೆ ನೋಡಿಕೊಂಡು ನಡೆಸಿದರು, ಇದೆಲ್ಲ ಒಂದೇ ದಿನದ ಮಟ್ಟಿಗೆ ತಾನೇ ಎಂದು ಸಮಾಧಾನ ಮಾಡಿಕೊಂಡು.