ಭಾವನವರ ಪೀಠಿಕೆ

ಬ್ರಹ್ಮಾಂಡದೊಡನೆ ನೇರ ಮಾತುಕತೆ ಇಟ್ಟುಕೊಂಡ ಗೃಹಸ್ಥರು ಬಹ್ರೈನ್‌ನಲ್ಲಿ ಯಾರಾದರೂ ಇದ್ದರೆ ಅವರು ನನ್ನ ಹೆಂಡತಿಯ ಅಣ್ಣ. ಗೃಹಸ್ಥರು ಎಂದದ್ದು ಮರ್ಯಾದೆಗೆ; ಮದುವೆಯಾಗಿಲ್ಲ. ಸಿತ್ರಾದ ಗೋದಾಮೊಂದರಲ್ಲಿ ಮೇಲ್ವಿಚಾರಕರು, ಸೆಗಯಾದ ಒಂಟಿ ಕೋಣೆಯಲ್ಲಿ ವಾಸ. ಇಂಥವರ ಗಂಟಲಿನಲ್ಲಿ ಕಳೆದ ಚಳಿಗಾಲ ಒಂದು ಗಂಟು ಕಾಣಿಸಿಕೊಂಡಿತು. ಅಂದಿನಿಂದ ಸನದ್‌ನ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸರಿಯಾಗಿ ಇಳಿಯಲಿಲ್ಲ, ಗಂಟಿದ್ದವರೊಬ್ಬರನ್ನು ಬಿಟ್ಟು!

ಭಾವನವರು ತಾಳಮದ್ದಳೆಯ ಅರ್ಥಧಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹಾಡಿ ನಿಲ್ಲಿಸಿದ ಮೇಲೆ ಕುಳಿತಲ್ಲೇ ಬರಿಯ ಮಾತಿನಿಂದ ಕತೆ ಕಟ್ಟಬೇಕು. ಪಾತ್ರ ಬಾಯಿ ತೆರೆದ ಕೂಡಲೇ ತಾನು ಯಾರು, ಯಾವ ವಂಶ, ಏಕೆ ಬಂದೆ ಎಂದು ಪೀಠಿಕೆ ಹೇಳುವುದು ಪದ್ಧತಿ. ಶುಕ್ರವಾರದ ಕೂಟದಲ್ಲಿ ಅದು ಶೋಭೆ. ಭಾವನವರು ಅದನ್ನು ವಾರದ ಉಳಿದ ದಿನಗಳಿಗೂ ವಿಸ್ತರಿಸಿದರಲ್ಲ, ಅಲ್ಲಿಂದ ನಮ್ಮ ಕಷ್ಟಕಾಲ.

ಇದಕ್ಕೆ ಅವರಲ್ಲಿ ಸಿದ್ಧಾಂತವೂ ಉಂಟು. "ಇಷ್ಟೊಂದು ನಕ್ಷತ್ರದ ಮಧ್ಯೆ ಸಿತ್ರಾದ ಗೋದಾಮಿನಲ್ಲಿ ನಾನೊಬ್ಬ ಇದ್ದೇನೆಂದು ಬ್ರಹ್ಮಾಂಡಕ್ಕೆ ಹೇಗೆ ಗೊತ್ತಾಗ್ಬೇಕು ಭಾವ? ನಾವೇ ನಮ್ಮ ಕತೆ ಹೇಳ್ಬೇಕು. ಹೇಳಿದವನ ಪರಿಚಯ ಅದಕ್ಕುಂಟು. ಹೇಳದವ ಇದ್ದೂ ಇಲ್ಲ."

ಒಮ್ಮೆ ಅರಾದ್‌ಗೆ ಊಟಕ್ಕೆ ಹೊರಟಾಗ ದಾರಿಯಲ್ಲಿ ಪೊಲೀಸ್ ಲೈಸೆನ್ಸ್ ಕೇಳಿದ. ಭಾವನವರು ಗಾಜು ಇಳಿಸಿ, ಸಲಾಂ ಹೇಳಿ, ಅರಬ್ಬಿಗೆ ಹಿಂದಿ ಬೆರೆಸಿ, ಪಶ್ಚಿಮ ಸಮುದ್ರದ ತಡಿಯಲ್ಲಿ ತಾವು ಜನ್ಮ ತಾಳಿದಲ್ಲಿಂದ ತೊಡಗಿದರು. ಕತೆ ಅಜ್ಜನವರ ಹೋಟೆಲಿನ ತನಕ ಬರುವಷ್ಟರಲ್ಲಿ ಆತ ಖಲಾಸ್, ಯಲ್ಲಾ, ಸಾಕು ನಡೆ ಎಂದು ಕಳುಹಿಸಿಬಿಟ್ಟ. ಲೈಸೆನ್ಸ್ ನೋಡಲೇ ಇಲ್ಲ. ಬ್ರಹ್ಮಾಂಡದ ಅನುಗ್ರಹ ಎಂದರು ಭಾವ. ಜುಲೈ ಬಿಸಿಲಿನ ಅನುಗ್ರಹ ಎಂದು ನನ್ನ ನಮ್ರ ಅಭಿಪ್ರಾಯ.

ಅವರ ಕೋಣೆಯ ಎ.ಸಿ.ಯ ಸಂಗತಿ ಇನ್ನೂ ಗಹನ. ಅದು ಹಗಲಿರುಳು 'ಹೂಂ' ಎನ್ನುತ್ತಿತ್ತು. ತಡೆಯಲಾರದೆ ನಾನೇ ಮೆಕ್ಯಾನಿಕನನ್ನು ಕರೆದೊಯ್ದರೆ, ಭಾವನವರು ಅವನಿಗೆ ಚಹಾ ಕೊಟ್ಟು, ಪೀಠಿಕೆ ಕೊಟ್ಟು, ಬಾಗಿಲ ತನಕ ಬಂದು ಬೀಳ್ಕೊಟ್ಟರು. ಕತೆ ಹೇಳುವವನಿಗೆ ಹೂಂಗುಟ್ಟುವವರು ಬೇಡವೇ? ಒಂಟಿ ಮನುಷ್ಯನಿಗೆ ಬ್ರಹ್ಮಾಂಡ ಆ ಯಂತ್ರದ ಮೂಲಕ ಹೂಂಗುಟ್ಟುತ್ತಿದೆಯಂತೆ. ರಿಪೇರಿ ಮಾಡಿಸಿ ಅದರ ಬಾಯಿ ಮುಚ್ಚಿಸುವುದು ಮಹಾಪಾಪವಂತೆ!

ಇಂಥವರನ್ನು ಡಾಕ್ಟರರ ಬಳಿ ಕರೆದೊಯ್ದ ನನ್ನ ಅವಸ್ಥೆ ಊಹಿಸಿ. ಗಂಟು ಎಂದಿನಿಂದ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದರು. ಭಾವನವರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದರು. ನಾನು ನೆಲ ನೋಡಿದೆ. ಅಜ್ಜ ಹೋಟೆಲು ತೆರೆದರು, ಅಪ್ಪ ಅದನ್ನು ಮುಚ್ಚಿದರು, ಭಾವ ವಿಮಾನ ಹತ್ತಿದರು. ಗಂಟು ಮಾತ್ರ ಹುಟ್ಟಲೊಲ್ಲದು. ಆ ತಾಯಿ ಸಾವಧಾನದಿಂದ ಎಲ್ಲವನ್ನೂ ಕೇಳಿ, ಕೊನೆಗೆ ಮೆಲ್ಲಗೆ ಹೇಳಿದರು: ಗಂಟು ತೆಗೆಯಲೇಬೇಕು, ಆದರೆ ಸ್ವರದ ನರ ಅದರ ಪಕ್ಕದಲ್ಲೇ ಇದೆ, ಮಾತು ಮೊದಲಿನಂತೆ ಬಂದೀತೆಂದು ಭರವಸೆ ಕೊಡಲಾರೆ.

ಭಾವನವರು ಪೀಠಿಕೆಯಿಲ್ಲದೆ ಎದ್ದು ಬಂದರು. ಅವರನ್ನು ಬಲ್ಲವರಿಗೆ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ.

ಆಪರೇಷನ್ ಬೇಡವೆಂದು ಹಟ ಹಿಡಿದರು. ಮಾತಿಲ್ಲದ ಮೇಲೆ ಗಂಟಲಿದ್ದು ಎಂತಕ್ಕೆ ಎಂದು ವಾದ. ಅರ್ಥಧಾರಿಯೊಡನೆ ವಾದಿಸಿ ಗೆದ್ದವರುಂಟೇ? ನಾನು ಸೋತೆ. ಗೋದಾಮಿನ ಧಣಿ ಸೋತರು. ಕೊನೆಗೆ ನನ್ನಾಕೆ, ಮೀನು ಕೊಯ್ಯುತ್ತಿದ್ದವಳು, ತಲೆಯೆತ್ತದೆ ಹೇಳಿದಳು: "ನಿನಗೆ ಬ್ರಹ್ಮಾಂಡ ಉಂಟು ಅಣ್ಣ. ನನಗೆ ಯಾರುಂಟು?"

ಈ ಸಲ ಸೋತದ್ದು ಅರ್ಥಧಾರಿ. ಮರುವಾರ ಆಸ್ಪತ್ರೆ ಸೇರಿದರು.

ಆಪರೇಷನ್ ಆಯಿತು. ಗಾಯ ಮಾಯುವ ತನಕ ಮಾತು ಕೂಡದೆಂದು ಡಾಕ್ಟರಮ್ಮನ ಅಪ್ಪಣೆ. ಭಾವನವರು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಯ ಸೋಫಾದಲ್ಲಿ ಕುಳಿತರು. ಎಷ್ಟೋ ವರ್ಷಗಳಿಂದ ನಾನು ದೇವರಲ್ಲಿ ಬೇಡಿದ್ದ ಮೌನ! ಎರಡನೆಯ ದಿನವೇ ಅದನ್ನು ಸಹಿಸಲಾಗಲಿಲ್ಲ. ಮುಚ್ಚಿದ ಆ ಬಾಯೊಳಗೆ ಸ್ವರ ಇದೆಯೋ ಇಲ್ಲವೋ, ತೆರೆಯುವ ತನಕ ತಿಳಿಯುವಂತಿಲ್ಲ. ಹೆಂಡತಿ ಪಾತ್ರೆ ಇಡುವಾಗಲೂ ಸದ್ದಾಗದಂತೆ ಇಡತೊಡಗಿದಳು.

ಏನಾದರೂ ಮಾತಾಡಿ ಎಂದು ಅವಳು ನನ್ನನ್ನು ಮುಂದೆ ನೂಕಿದಳು. ಆಫೀಸಿನಲ್ಲಿ ಇವತ್ತು ಲಿಫ್ಟ್ ಕೆಟ್ಟಿತ್ತು ಎಂದೆ. ಭಾವನವರು ಬೇಸರದಿಂದ ಕೈಯಾಡಿಸಿದರು: ಹೀಗಲ್ಲ, ಮೊದಲಿನಿಂದ. ಪೀಠಿಕೆ ಬೇಕಂತೆ! ವಿಧಿಯಿಲ್ಲದೆ ಶುರುಮಾಡಿದೆ. ಹುಟ್ಟಿದ ಊರು, ಓದಿದ ಶಾಲೆ, ಮತ್ತೆ ಎಂತ? ತಡವರಿಸುತ್ತ ಬಹ್ರೈನ್‌ಗೆ ಬಂದಿಳಿದ ದಿನಕ್ಕೆ ತಲುಪಿದೆ. ಕರೆದೊಯ್ಯಲು ಬರಬೇಕಾದವನು ಬಾರದೆ, ಪೆಟ್ಟಿಗೆಯ ಮೇಲೆ ಕುಳಿತು, ನನ್ನ ಹೆಸರನ್ನು ನಾನೇ ಒಮ್ಮೆ ಗಟ್ಟಿಯಾಗಿ ಹೇಳಿಕೊಂಡಿದ್ದೆ. ಈ ದ್ವೀಪದಲ್ಲಿ ಅದು ಗೊತ್ತಿದ್ದವರು ಯಾರೂ ಇರಲಿಲ್ಲ. ಹೆಂಡತಿಗೂ ಹೇಳಿರದ ಸಂಗತಿ. ಅಡುಗೆಮನೆಯ ನಲ್ಲಿ ನಿಂತಿತು. ಭಾವನವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

ಪಟ್ಟಿ ಬಿಚ್ಚುವ ದಿನ ಮೂವರೂ ಹೋದೆವು. ಡಾಕ್ಟರಮ್ಮ ಗಾಯ ನೋಡಿ, ಈಗ ಏನಾದರೂ ಮಾತಾಡಿ ಎಂದರು. ಹೆಂಡತಿ ಚೀಲದ ಹಿಡಿಯನ್ನು ಹಿಂಡುತ್ತಿದ್ದಳು. ಪಶ್ಚಿಮ ಸಮುದ್ರ, ಅಜ್ಜನ ಹೋಟೆಲು, ಏನಾದರೂ ಬರಲಿ ದೇವರೇ ಎಂದುಕೊಂಡೆ. ಭಾವನವರು ಬಾಯಿ ತೆರೆದರು. ಬರೀ ಗಾಳಿ ಬಂತು. ಇನ್ನೊಮ್ಮೆ ಎಂದರು ಡಾಕ್ಟರಮ್ಮ.

ಭಾವನವರು ತಂಗಿಯ ಕಡೆ ತಿರುಗಿದರು. ನೆಲದ ಮೇಲೆ ಗೋಣಿ ಎಳೆದಂಥ ಸ್ವರ.

"ಹೆದರಿದ್ಯಾ ಮಾರಾಯ್ತಿ?"

ಅವಳು ಇಲ್ಲವೆಂದು ತಲೆಯಾಡಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಏನು ಹೇಳಿದರು ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ಎರಡೇ ಪದ, ಯಾವ ಭಾಷೆಗಾದರೂ ತಿರುಗಿಸಬಹುದಿತ್ತು. ನನಗೆ ಸ್ವರವೇ ಹೊರಡಲಿಲ್ಲ.