ಜಟ್ಟೆಪ್ಪನ ಗೋಡೆಯ ಬಿಸಿಲು

ಶಾಕೀರ ಚಿತ್ರಕ್ಕೆ ಬಿಸಿಲನ್ನು ಇನ್ನೂ ಬರೆದೇ ಇರಲಿಲ್ಲ. ಅಷ್ಟರಲ್ಲೇ ಜಟ್ಟೆಪ್ಪ ಅದನ್ನು ಮೆಚ್ಚಿಬಿಟ್ಟ. ಫಜೀತಿ ಶುರುವಾದದ್ದೇ ಅಲ್ಲಿಂದ.

ಶಾಕೀರ ಸವದತ್ತಿಯಲ್ಲಿ ಅಂಗಡಿ ಬೋರ್ಡು ಬರೆಯುವ ಪೇಂಟರ್. ಜಟ್ಟೆಪ್ಪ ಗರಡಿಯಲ್ಲಿ ಮೈ ಬೆಳೆಸಿ ಈಗ ಕಾಳುಕಡಿಯ ಅಡತಿ ಅಂಗಡಿ ಇಟ್ಟ ಸಾವುಕಾರ. ಅವನ ಹೊಸ ಮನೆಯ ಪಡಸಾಲೆಯ ಗೋಡೆಗೆ ಒಂದು ಕಾಡು, ಗಿಡಗಳ ಸಂದಿಯಿಂದ ಇಳಿಯುವ ಬೆಳಗಿನ ಬಿಸಿಲು ಬೇಕಾಗಿತ್ತು. ಬಾಗಿಲು ಕಿರುಗುಟ್ಟಿತೆಂದು ಬಡಿಗನನ್ನು ಸಂಜೆತನಕ ಅದೇ ಬಾಗಿಲನ್ನು ತೆರೆಯುತ್ತ ಮುಚ್ಚುತ್ತ ನಿಲ್ಲಿಸಿದ್ದ ಮನುಷ್ಯ ಅವನು. ಅದು ನೆನಪಾದಾಗೆಲ್ಲ ಶಾಕೀರ ಬರೆದ ಎಲೆಯನ್ನೇ ಮತ್ತೊಮ್ಮೆ ತಿದ್ದುತ್ತಿದ್ದ.

ಆ ಬೆಳಿಗ್ಗೆ ಗಿಡ, ಹಳ್ಳ, ಹುಲ್ಲು ಎಲ್ಲ ಮುಗಿದಿದ್ದವು. ಹಿತ್ತಲ ಬೇವಿನ ಮರವನ್ನು ಹಾದು ಬಂದ ಎಳೆಬಿಸಿಲು ಮಾಳಿಗೆಯ ಬೆಳಕಿಂಡಿಯಿಂದ ಇಳಿದು, ಎಳೆಎಳೆಯಾಗಿ ಚಿತ್ರದ ಗಿಡಗಳ ಮೇಲೇ ಬಿದ್ದಿತ್ತು. ಒಳಬಂದ ಜಟ್ಟೆಪ್ಪ ಬಾಗಿಲಲ್ಲೇ ನಿಂತ.

“ಅಬಾಬಾಬಾ! ಏನ್ ಬಿಸಲ ತಗದಿಯೋ ಶಾಕೀರಾ!”

“ಸಾವ್ಕಾರ್ರ, ಅದು ನಾ...”

“ಇನ್ನ ಒಂದ ಗೀಟೂ ಹಚ್ಚಬ್ಯಾಡ. ಸಂಜಿಕ ರಾಮದುರ್ಗದಿಂದ ನಮ್ಮ ಮಾವಾರು ಬರ್ತಾರು, ರಿಟೈರ್ಡ್ ಪೊಲೀಸ್. ಬಿಸಲ ಹಿಂಗ ಇರಬೇಕ. ಕೆಡಿಸಿದಿ ಅಂದ್ರ ಒಂದ ಕೈ ಮುರದು ಇನ್ನೊಂದ ಕೈಯಾಗ ಕೊಡತೇನಿ!”

ಅವನ ಮೋಟಾರ್‌ಸೈಕಲ್ಲಿನ ಸದ್ದು ಅಡಗುವತನಕ ಶಾಕೀರ ಬ್ರಶ್ಶು ಹಿಡಿದೇ ನಿಂತಿದ್ದ.

ಹೊತ್ತೇರಿತು. ಬಿಸಿಲು ಗಿಡ ಬಿಟ್ಟು ಹಳ್ಳಕ್ಕಿಳಿಯಿತು, ಹಳ್ಳ ದಾಟಿ ನೆಲಕ್ಕೆ ಬಂತು, ಮಧ್ಯಾಹ್ನದ ಹೊತ್ತಿಗೆ ಮೂಲೆಯ ಉಪ್ಪಿನಕಾಯಿ ಭರಣಿಯ ಮೇಲೆ ಆರಾಮಾಗಿ ಕುಳಿತಿತು. ಕಾಡು ಕರೆಂಟು ಹೋದ ಟಾಕೀಸಿನಂತೆ ಕಪ್ಪಾಯಿತು.

ಹೆದರಿದ ಶಾಕೀರ ಹಳದಿ ಕಲಸಿ ಬಿಸಿಲಿನ ಗೀಟು ಎಳೆದ. ಮಜ್ಜಿಗೆ ತಂದ ಪಕ್ಕದ ಮನೆಯ ಗುರವ್ವ ಗಲ್ಲಕ್ಕೆ ಕೈ ಹಚ್ಚಿದಳು.

“ಯವ್ವಾ! ಗಿಡದ ಮ್ಯಾಲ ಕಡ್ಲಿಹಿಟ್ಟಿನ ಜುಣಕ ಯಾರ ಚೆಲ್ಲ್ಯಾರೋ?”

ಸೀಮೆಎಣ್ಣೆಯಿಂದ ಒರೆಸಿ ಬಿಳಿ ಬಣ್ಣ ಹಚ್ಚಿದ. ಎದುರಿನ ಕಟಿಂಗ್ ಅಂಗಡಿಯ ದುಂಡಪ್ಪ ಇಣುಕಿ ನೋಡಿದ. “ಶಾಕೀರಣ್ಣಾ, ಈಗ ಕೊಕ್ಕರಿ ಹೇತಂಗ ಕಾಣತೈತಿ.”

ಅದನ್ನೂ ಒರೆಸಿದ. ಬೈಲಹೊಂಗಲದ ಬಸ್ಸು ಹತ್ತಿ ಓಡಿಬಿಡಲೇ ಎನಿಸಿತು. ಆದರೆ ಕಿತ್ತೂರಿನತನಕ ಪ್ರತಿ ಬೋರ್ಡಿನ ಕೆಳಗೂ ‘ಶಾಕೀರ ಆರ್ಟ್ಸ್’ ಎಂದು ತಾನೇ ಬರೆದಿದ್ದ. ಅಂಥವನು ಅಡಗುವುದೆಲ್ಲಿ? ದುಂಡಪ್ಪನ ಎರಡೂ ಕೈ ಹಿಡಿದು ಅತ್ತೇಬಿಟ್ಟ.

ದುಂಡಪ್ಪನಿಗೆ ಕರುಣೆ ಬಂತು. ಅದರ ಹಿಂದೆಯೇ ಉಪಾಯವೂ ಬಂತು. ಅಂಗಡಿಯ ಹಳೆಯ ಕನ್ನಡಿ ಹೊತ್ತುಕೊಂಡು ಇಬ್ಬರೂ ಮಾಳಿಗೆ ಏರಿದರು. ಇಳಿಬಿಸಿಲಿಗೆ ಕನ್ನಡಿ ಹಿಡಿದು ಬೆಳಕಿಂಡಿಯತ್ತ ಬಾಗಿಸಿದರೆ ಬೆಳಕು ಸೀದಾ ಗಿಡಗಳ ಮೇಲೆ ಬಿತ್ತು. ಕನ್ನಡಿಯ ಹಿಂದಿನ ಪಾದರಸ ಅಲ್ಲಲ್ಲಿ ಹಾರಿದ್ದರಿಂದ ಎಳೆಎಳೆಯಾಗಿಯೂ ಬಿತ್ತು.

ಕೆಳಗೆ ಜೀಪು ನಿಂತಿತು. ಶಾಕೀರನ ಕೈ ಹೆದರಿಕೆಗೆ ಹಿಟ್ಟಿನ ಗಿರಣಿಯಂತೆ ಅದುರತೊಡಗಿತು.

“ಅಲುಗಬ್ಯಾಡೋ ಮಾರಾಯಾ!” ಎಂದು ದುಂಡಪ್ಪ ಪಿಸುಗುಟ್ಟಿದ.

“ನಾ ಎಲ್ಲಿ ಅಲುಗಾಕತ್ತೇನಿ, ಕೈ ಅಲುಗಾಕತ್ತೈತಿ!”

ಬೆಳಕಿಂಡಿಯಿಂದ ಗಡಸು ದನಿಯೊಂದು ಮೇಲೆ ಬಂತು. ಜಟ್ಟೆಪ್ಪನ ಮಾವ ಯಮನಪ್ಪ.

“ಅಳಿಯಾ! ಬಿಸಲ ಅಲಗ್ಯಾಡಾಕತ್ತೈತಲ್ಲೋ! ಗಾಳಿ ಬೀಸಿದಂಗ! ಎಲ್ಲದಾನ ಆ ಪೇಂಟರ? ಕರೀ ಅವನ್ನ!”

ಅಷ್ಟರಲ್ಲಿ ಹೊತ್ತು ಗುಡ್ಡದ ಹಿಂದೆ ಸರಿದು ಗೋಡೆಯ ಬಿಸಿಲು ಆರಿತು. ಪುಣ್ಯಕ್ಕೆ ಚಹಾ ಬಂದಿತ್ತು. ಯಾರೂ ಗೋಡೆಯತ್ತ ತಿರುಗಲಿಲ್ಲ. ಹಿಂದಿನ ಏಣಿಯಿಂದ ಇಳಿದು ಬಂದ ಶಾಕೀರನ ಹೆಗಲ ಮೇಲೆ ಯಮನಪ್ಪ ಕೈಯಿಟ್ಟ.

“ನೋಡು ತಮ್ಮಾ, ನಮ್ಮ ವಾಡೇದಾಗ ಒಂದ ನಡುಮನಿ ಐತಿ. ಕಿಡಕಿ ಇಲ್ಲ, ಬೆಳಕಿಂಡಿ ಇಲ್ಲ. ಹಗಲಹೊತ್ತು ಎದರಿಗಿನ ಮನಷ್ಯಾ ಕಾಣೂದಿಲ್ಲ. ಇದ ಚಿತ್ರ ಅಲ್ಲಿ ಬರದಬಿಡು. ಬಲ್ಬ ಬೇಕಾಗೂದಿಲ್ಲ. ನಡಿ, ಜೀಪ ಏರು!”

ಶಾಕೀರ ಜಟ್ಟೆಪ್ಪನ ಮುಖ ನೋಡಿದ. “ಹೋಗಿ ಬಾ. ಚಲೋತ್ನ್ಯಾಗ ಮಾಡು,” ಎಂದ ಜಟ್ಟೆಪ್ಪ ಕಿವಿಯಲ್ಲಿ ಸೇರಿಸಿದ: “ಅವರಿಗೆ ಸಿಟ್ಟ ಬಂತಂದ್ರ ನಾನೂ ಅಟ್ಟ ಏರಿ ಕುಂಡರತೇನಿ.”

ಜೀಪು ಊರು ದಾಟುವಾಗ ಶಾಕೀರ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ ಬಾಯಿ ತೆರೆದ.

“ಸಾಹೇಬ್ರ, ನಡುಮನಿಗೆ ಒಂದ ಸಣ್ಣ ಕಿಂಡಿ ಕೊರಸಾಕ ಬರತೈತೇನ್ರಿ?”

ಯಮನಪ್ಪ ಮೀಸೆ ತೀಡಿಕೊಂಡ.

“ಹಳೇ ಕಾಲದ ಗ್ವಾಡಿ ತಮ್ಮಾ. ತೋಪ ಹಾರಿಸಿದ್ರೂ ತೂತ ಬೀಳೂದಿಲ್ಲ!”