ಹೊಳೆ ತಿಳಿಯಾಗಿಸುವ ಸಾಹೇಬರಿಗೆ

ಹೊಳೆನೀರಿನ ತಪಾಸಣಾಧಿಕಾರಿಗಳಾದ ಮಾನ್ಯರೇ,

ತಮಗೂ, ತಮ್ಮ ಮನೆಮಂದಿಗೂ, ತಮ್ಮ ಗಾಜಿನ ಸೀಸೆಗಳಿಗೂ ಗಬ್ಬೂರ ಬೈಪಾಸಿನಾಚೆಯ ಹೊಳೆದಂಡೆಯವರ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಪವಾಡವನ್ನು ಈ ವರ್ಷ ಮೂರು ಸಲ ಕಣ್ಣಾರೆ ಕಂಡಿದ್ದೇವೆ. ನಮ್ಮ ಹೊಳೆಯ ಮೇಲ್ಭಾಗದಲ್ಲಿ ಕಲ್ಲಿನ ಖಣಿಯೊಂದಿದ್ದು, ಅಲ್ಲಿ ಕಲ್ಲುಪುಡಿ ತೊಳೆದ ಬಿಳಿ ರಾಡಿಯೆಲ್ಲ ನಮ್ಮತ್ತಲೇ ಹರಿದು ಬರುತ್ತದೆ. ಆದರೆ ತಾವು ಬರುವ ದಿನಾಂಕವನ್ನು ತಿಳಿಸುವ ನೋಟೀಸು ಖಣಿಯ ಮಾಲೀಕರ ಕೈಸೇರಿದ್ದೇ ತಡ, ಯಂತ್ರಗಳು ಮೌನವ್ರತ ಹಿಡಿದು, ಎರಡೇ ದಿನಗಳಲ್ಲಿ ತಳದ ಹರಳುಗಳೂ ಕಾಣುವಷ್ಟು ನೀರು ತಿಳಿಯಾಗುತ್ತದೆ. ತಾವು ಸೀಸೆ ತುಂಬಿ, ನೀರು ಉತ್ತಮವೆಂದು ಬರೆದುಕೊಂಡು ಹೊರಟ ಮರುಗಳಿಗೆಯೇ ಹೊಳೆ ಮತ್ತೆ ಮಜ್ಜಿಗೆಯಾಗುತ್ತದೆ.

ನಾವೂ ಕೈಕಟ್ಟಿ ಕುಳಿತಿಲ್ಲ. ಪಾಳಿ ಹಚ್ಚಿಕೊಂಡು ಹೊಳೆ ಕಾಯುತ್ತೇವೆ, ದಿನವೂ ಒಂದು ಸೀಸೆ ನೀರು ತುಂಬಿ ತಾರೀಖು ಬರೆದು ಗುರುಪಾದರ ಕಿರಾಣಿ ಅಂಗಡಿಯಲ್ಲಿಡುತ್ತೇವೆ. ಹಾಲೆಂದು ತಿಳಿದು ಅರ್ಧ ಲೀಟರ್ ಕೇಳಿದವರೂ ಉಂಟು.

ನಗು ಬರುತ್ತದೆ ನಿಜ, ಆದರೆ ಮುರಿಗೆವ್ವನನ್ನು ನೋಡಿದಾಗ ಸಿಟ್ಟೂ ಬರುತ್ತದೆ. ಆಕೆ ಮೆಂತ್ಯಪಲ್ಲೆಯನ್ನು ಈ ಹೊಳೆಯಲ್ಲೇ ತೊಳೆದು ಹುಬ್ಬಳ್ಳಿ ಮಾರ್ಕೆಟ್ಟಿಗೆ ಒಯ್ಯುವವಳು. ಎಲೆಗೆ ಮೆತ್ತಿದ ಬಿಳಿಪುಡಿ ಕಂಡು ಗಿರಾಕಿಗಳು ಕಟ್ಟನ್ನು ಕೆಳಗಿಡುತ್ತಾರೆ. ಹೀಗೇ ನಡೆದರೆ ಆಕೆಯ ಮೂವತ್ತು ವರ್ಷದ ಕಸುಬು ಈ ವರ್ಷವೇ ಮುಗಿಯುತ್ತದೆ. ಈಗ ಆಕೆ ಹದ ನೋಡಿ ಕೊಯ್ಯುವುದನ್ನು ಬಿಟ್ಟು, "ಸಾಹೇಬ್ರು ಯಾವಾಗ ಬರತಾರ ಕೇಳ್ರಿ, ಅವತ್ತ ಕೊಯ್ತೇನಿ" ಎನ್ನುತ್ತಾಳೆ.

ಆದ್ದರಿಂದ ತಾವು ದಿನಾಲೂ ಬರುವುದಾಗಿ ದಿನಾಲೂ ನೋಟೀಸು ಕಳಿಸಬೇಕು. ಅದು ತ್ರಾಸವೆನಿಸಿದರೆ ನಿವೃತ್ತಿಯವರೆಗೂ ದಂಡೆಯ ಮೇಲೆಯೇ ಬಿಡಾರ ಹೂಡಬೇಕು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಕಡೆಯಿಂದ. ಪಲ್ಲೆ ಮಾತ್ರ ಇದೇ ನೀರಿನಲ್ಲಿ ತೊಳೆದದ್ದು. ತಾವೇ ಉತ್ತಮವೆಂದು ಬರೆದುಕೊಟ್ಟಿರುವುದರಿಂದ ಸಂಕೋಚ ಬೇಡ.

ತಮ್ಮ ನೋಟೀಸಿನ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ನಾಗರತ್ನಾ
ಹೊಳೆ ಕಾಯುವ ಸಮಿತಿಯ ಪರವಾಗಿ

ತಾ.ಕ.: ಕಳೆದ ಸೋಮವಾರ ನಮ್ಮೂರ ಮಕಬೂಲಸಾಬರ ಹಳೆಯ ಬಿಳಿ ಜೀಪು ಖಣಿಯ ದಾರಿಯಲ್ಲಿ ಕೆಟ್ಟು ನಿಂತಿತು. ಅದನ್ನು ಕಂಡ ಖಣಿಯವರು ತಾವೇ ಹೇಳದೆ ಬಂದಿರೆಂದು ಹೆದರಿ ಅರ್ಧ ತಾಸಿನಲ್ಲಿ ಯಂತ್ರಗಳನ್ನು ನಿಲ್ಲಿಸಿದರು. ಇಂದಿಗೆ ನಾಲ್ಕು ದಿನ, ಯಂತ್ರಗಳು ಮತ್ತೆ ಶುರುವಾಗಿಲ್ಲ, ನೀರು ತಿಳಿಯಾಗಿದೆ, ಮುರಿಗೆವ್ವನ ಪಲ್ಲೆಯೂ ಮಾರ್ಕೆಟ್ಟಿನಲ್ಲಿ ಖರ್ಚಾಗುತ್ತಿದೆ. ಜೀಪನ್ನು ರಿಪೇರಿ ಮಾಡಿಸಬೇಡಿರೆಂದು ಸಾಬರಿಗೆ ಊರೇ ಕೈಮುಗಿದಿದೆ. ತಾವು ಬಂದಾಗ ತಮ್ಮ ವಾಹನವನ್ನು ದಯವಿಟ್ಟು ಅದರ ಹಿಂದೆ ನಿಲ್ಲಿಸಬೇಕು. ಸೇವೆಯಲ್ಲಿ ಅದೇ ಹಿರಿಯದು.